ಭಾನುವಾರ ಮೊಣಕಾಲು ನೋವಿನ ಮಾತುಕತೆ

ಎಲ್ಲರಿಗೂ ಶರಣು ಶರಣಾರ್ಥಿ.

ಈ ಭಾನುವಾರ ವಾಕಿಂಗ್ ಮುಗಿದ ಮೇಲೆ, ಬೆಳಿಗ್ಗೆ 7.30ಕ್ಕೆ, ಕಲಬುರಗಿ ಪಬ್ಲಿಕ್ ಗಾರ್ಡನ್‌ಗೆ ಎಲುಬಿನ ಡಾಕ್ಟರ್ ಒಬ್ಬರು ಬರುತ್ತಾರೆ. ಆಪರೇಷನ್ ಬೇಕು ಅಂತ ಯಾರಿಗೆ ಹೇಳಿದ್ದಾರೋ ಅವರು ತಪ್ಪದೆ ಬನ್ನಿ. ಮನೆಯವರನ್ನೂ ಕರೆತನ್ನಿ, ಕೊನೆಗೆ ತೀರ್ಮಾನ ಮಾಡುವವರು ಅವರೇ ಅಲ್ವಾ!

ಆಪರೇಷನ್ ಅಂದರೆ ಪೂರ್ತಿ ಮೊಣಕಾಲು ಬದಲಿಸುವುದೊಂದೇ ಅಲ್ಲ. ಸವೆತ ಒಂದೇ ಬದಿಗಿದ್ದರೆ ಕೆಲವರಿಗೆ ಆ ಭಾಗ ಮಾತ್ರ ಬದಲಿಸಬಹುದು. ವಯಸ್ಸು ಕಡಿಮೆ ಇದ್ದು ಕಾಲು ಬಾಗಿದ್ದರೆ, ಎಲುಬು ಕತ್ತರಿಸಿ ನೇರ ಮಾಡುವ ದಾರಿಯೂ ಇದೆ. ಬರೀ ಸವೆತಕ್ಕೆ ಸಣ್ಣ ತೂತಿನಿಂದ ದುರ್ಬೀನು ಹಾಕಿ ಕೀಲು ಸ್ವಚ್ಛ ಮಾಡುವುದರಿಂದ ಹೆಚ್ಚು ಲಾಭವಿಲ್ಲ. ಅದನ್ನು ಮಾಡಿಸಿ ಅಂದರೆ ಯಾಕೆ ಅಂತ ಕೇಳಿ. ಪೂರ್ತಿ ಬದಲಿಸಿದ ಮೊಣಕಾಲು ಬಹಳ ಜನರಿಗೆ 15-20 ವರ್ಷ ಬಾಳುತ್ತದೆ. ಆದರೆ ಆಮೇಲೆ ವ್ಯಾಯಾಮ ಬಿಟ್ಟರೆ ಕಾಲು ಬಿಗಿಯುತ್ತದೆ.

ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಕೀಲು) ಬೆಲೆಗೆ 2017ರಿಂದ ಸರ್ಕಾರದ ಮಿತಿ ಇದೆ. ಬಿಲ್‌ನಲ್ಲಿ ಅದನ್ನು ಬೇರೆಯಾಗಿ ಬರೆಸಿಕೊಳ್ಳಿ.

ನಿಂತು ತೆಗೆಸಿದ ಎಕ್ಸ್‌ರೇ, ಶುಗರ್ ರಿಪೋರ್ಟ್, ಮಾತ್ರೆ ಚೀಟಿ ತನ್ನಿ. ಶುಕ್ರವಾರದೊಳಗೆ ಈ ಗ್ರೂಪ್‌ನಲ್ಲೇ ಹೆಸರು ಹಾಕಿ. ಕೆಳಗೆ ಕೂರಲು ಆಗದವರು ತಿಳಿಸಿ, ಕುರ್ಚಿ ತರಿಸುತ್ತೇವೆ. ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಚಿತ್ರ ಸ್ವಲ್ಪ ನಿಲ್ಲಿಸಿ, ಹೆಸರು ಹುಡುಕೋದು ಕಷ್ಟ.