ಮೂಗಿನ ಊರಿನಲ್ಲಿ ಎರಡು ರಾತ್ರಿ

ಶಿರಸಿ
ಫೆಬ್ರವರಿ ಕೊನೆಯ ವಾರ

ಪ್ರಿಯ ಗೆಳೆಯಾ,

ನಿನ್ನ ಪತ್ರ ಬಂದು ಹತ್ತು ದಿನಗಳಾದರೂ ಉತ್ತರ ಬರೆಯುವುದು ತಡವಾಯಿತು. ಅಂಗಳದ ತುಂಬ ಬಿಸಿಲಿಗೆ ಒಣಗಿದ ಚಾಲಿ ಅಡಿಕೆ ಹರವಿಕೊಂಡಿತ್ತು. ಅದನ್ನು ಸುಲಿಸಿ ಮೂಟೆ ಕಟ್ಟಿಸುವ ತನಕ ಬೇರೆ ಯಾವುದಕ್ಕೂ ಬಿಡುವಾಗಲಿಲ್ಲ. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಅತ್ತಿಗೆಯವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ನೀನು ಕೇಳಿದ್ದೆ. ನಾವಿಬ್ಬರೂ ನಾಸಿಕದ ದ್ರಾಕ್ಷಿತೋಟಗಳಿಗೆ ಹೋಗಿ ಬಂದ ಸುದ್ದಿ ತಿಳಿದು, ಮದ್ಯ ಮುಟ್ಟದ ಮನೆಯವರಿಗೆ ವೈನ್ ಮಾಡುವ ಊರಿನಲ್ಲಿ ಏನು ಕೆಲಸ ಎಂದು ಅತ್ತಿಗೆಯವರು ಅನುಮಾನಪಟ್ಟದ್ದನ್ನೂ ಬರೆದಿದ್ದೆ. ಅವರ ಪ್ರಶ್ನೆ ಸರಿಯಾದದ್ದೇ. ಹೊರಡುವ ಮುನ್ನ ನನ್ನ ಹೆಂಡತಿಯೂ ಅದನ್ನೇ ಕೇಳಿದ್ದಳು.

ನಮ್ಮ ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ನಾವು ಮಾಡಿದ ಪ್ರಯಾಣಗಳನ್ನೆಲ್ಲ ಒಮ್ಮೆ ನೆನೆದು ನೋಡಿದೆ. ಮದುವೆ, ಉಪನಯನ, ಶ್ರಾದ್ಧ, ಆಸ್ಪತ್ರೆ, ಹರಕೆ ಹೊತ್ತ ದೇವಸ್ಥಾನ, ಇಷ್ಟೇ. ಹೋದಲ್ಲೆಲ್ಲ ಅವಳು ಯಾರದೋ ಸೊಸೆ, ಯಾರದೋ ಅತ್ತಿಗೆ, ಯಾರದೋ ಚಿಕ್ಕಮ್ಮ. ಚೀಲ ಇಳಿಸಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಆ ಮನೆಯ ಅಡಿಗೆಮನೆಗೆ ನಡೆಯುವವಳು. ಆದುದರಿಂದ ಈ ಸಲ ನಂಟರು ಯಾರೂ ಇಲ್ಲದ ಊರೇ ಆಗಬೇಕೆಂದು ನಿಶ್ಚಯಿಸಿದೆ. ನಾಸಿಕವೆಂದ ಕೂಡಲೇ ತ್ರ್ಯಂಬಕೇಶ್ವರದ ನೆನಪಾಗಿ, ಗೋದಾವರಿಯ ಉಗಮಕ್ಕೂ ಹೋಗಿಬರೋಣ ಎಂದು ನಾನೇ ಹೇಳಿದಾಗ, ಅವಳು ಸ್ವಲ್ಪ ಹೊತ್ತು ಯೋಚಿಸಿ, "ದೇವರಿಗೆ ಇನ್ನೊಂದು ಸಲ ಹೋಗೋಣ, ಈ ಸಲ ಯಾರ ಹರಕೆಯೂ ಬಾಕಿ ಇಲ್ಲವಲ್ಲ" ಎಂದಳು. ಆ ಮಾತಿನಿಂದಲೇ ಅವಳಿಗೂ ಹೊರಡುವ ಮನಸ್ಸು ಇದೆಯೆಂದು ನನಗೆ ತಿಳಿಯಿತು.

ಅಡಿಕೆಯ ಗೊನೆಕೊಯ್ಲು ಮುಗಿದು, ಮೆಣಸು ಕೊಯ್ಯಲು ಇನ್ನೂ ಎರಡು ವಾರವಿದ್ದ ಹೊತ್ತಿಗೆ, ಅಂಗಳದ ಅಡಿಕೆಯನ್ನು ತಮ್ಮನಿಗೆ ಒಪ್ಪಿಸಿ ದೇವಿಮನೆ ಘಟ್ಟ ಇಳಿದೆವು. ಕಾರವಾರದಲ್ಲಿ ಅವಳ ಅಕ್ಕನ ಮನೆಯಲ್ಲಿ ಊಟ ಮುಗಿಸಿ, ಶಿರವಾಡದ ನಿಲ್ದಾಣದಲ್ಲಿ ರಾತ್ರಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆವು. ಎರ್ನಾಕುಲಂನಿಂದ ದಿಲ್ಲಿಯ ನಿಜಾಮುದ್ದೀನಿಗೆ ಹೋಗುವ ಈ ಗಾಡಿ ಕೊಂಕಣ ದಾರಿಯಲ್ಲಿ ಪನವೇಲ್, ಕಲ್ಯಾಣ ದಾಟಿ ನಾಸಿಕ ರೋಡ್ ನಿಲ್ದಾಣಕ್ಕೇ ತಲುಪಿಸುವುದರಿಂದ ಮುಂಬಯಿಯಲ್ಲಿ ಗಾಡಿ ಬದಲಿಸುವ ತೊಂದರೆಯಿಲ್ಲ. ಕಸಾರಾ ಘಟ್ಟದಲ್ಲಿ ಗಾಡಿಯನ್ನು ಹಿಂದಿನಿಂದ ದೂಡಲು ಬೇರೆ ಎಂಜಿನ್ ಜೋಡಿಸುತ್ತಾರೆ. ಘಟ್ಟ ಹತ್ತಿ ಇಗತಪುರಿ ಮುಟ್ಟಿದಾಗ ಕಿಟಕಿಯಿಂದ ತಣ್ಣನೆಯ ಒಣಗಾಳಿ ಬೀಸಿತು. ಅಷ್ಟು ಉದ್ದದ ಪ್ರಯಾಣದಲ್ಲಿ ನಾವು ಹೆಚ್ಚು ಮಾತನಾಡಲಿಲ್ಲ. ಮಾತನಾಡಬೇಕೆಂಬ ಅವಸರವೂ ಇಬ್ಬರಿಗೂ ಇರಲಿಲ್ಲ.

ಮೊದಲ ಸಂಜೆ ಒಂದು ಬೇಸರ ಆಯಿತು. ತೋಟದ ಕಡೆ ಮುಖ ಮಾಡಿದ ಕೋಣೆಗೆ ತಿಂಗಳ ಮೊದಲೇ ಹಣ ಕಟ್ಟಿದ್ದೆ. ಹೋಗಿ ನೋಡಿದರೆ ಅದನ್ನು ಬೇರೆಯವರಿಗೆ ಕೊಟ್ಟಿದ್ದರು. ಒಂದು ಗಂಟೆ ಕಾಯಿಸಿ ಹಿಂಬದಿಯ ಕೋಣೆಯೊಂದನ್ನು ತೋರಿಸಿದರು. ಮರುದಿನ ಸರಿಪಡಿಸಿದರಾದರೂ ಆ ಒಂದು ಗಂಟೆಯಲ್ಲಿ ನನಗಾದ ಸಂಕಟ ಸಣ್ಣದಲ್ಲ. ನೀನು ಹೋಗುವುದಾದರೆ ಎರಡು ದಿನ ಮೊದಲು ದೂರವಾಣಿ ಮಾಡಿ ಕೋಣೆ ಯಾವುದೆಂದು ಕೇಳಿ ಖಚಿತಪಡಿಸಿಕೋ.

ಇನ್ನು ತೋಟದ ವಿಷಯ. ನಗರದ ಹೊರಗೆ, ಗೋದಾವರಿಗೆ ಕಟ್ಟಿದ ಗಂಗಾಪುರ ಅಣೆಕಟ್ಟೆಯ ಹಿನ್ನೀರಿನ ಸುತ್ತಮುತ್ತ ಈ ದ್ರಾಕ್ಷಿತೋಟಗಳಿವೆ. ಕ್ಯಾಲಿಫೋರ್ನಿಯದಲ್ಲಿದ್ದ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ ಅವರು ತಮ್ಮ ಕುಟುಂಬದ ಜಮೀನಿನಲ್ಲಿ 1997ರಲ್ಲಿ ವೈನ್ ದ್ರಾಕ್ಷಿ ನೆಟ್ಟು, 2000ದಲ್ಲಿ ಮೊದಲ ವೈನ್ ಹೊರತಂದರು. ತಾಯಿ ಸುಲಭಾ ಅವರ ಹೆಸರಿನಿಂದ ಅದಕ್ಕೆ ಸುಲಾ ಎಂದು ಕರೆದರು. ಅವರ ಹಿಂದೆ ಇನ್ನೂ ಎಷ್ಟೋ ಜನ ಬಂದರು. ನಮ್ಮ ಶಿರಸಿ ಸುಪಾರಿಗೆ 2019ರಲ್ಲಿ ದೊರೆತಂತಹ ಭೌಗೋಳಿಕ ಗುರುತು (ಜಿಐ ಟ್ಯಾಗ್) ನಾಸಿಕ ಕಣಿವೆಯ ವೈನಿಗೂ ಇದೆ.

ತಿನ್ನುವ ದ್ರಾಕ್ಷಿಯ ಚಪ್ಪರ ನಿನಗೆ ವಿಜಯಪುರದ ಕಡೆ ನೋಡಿ ಗೊತ್ತು. ವೈನ್ ದ್ರಾಕ್ಷಿ ಹಾಗಲ್ಲ. ಎದೆಯೆತ್ತರದ ತಂತಿಗಳಿಗೆ ಬಳ್ಳಿಯನ್ನು ನೇರವಾಗಿ ಹಬ್ಬಿಸಿರುತ್ತಾರೆ; ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನಿನ ಬಣ್ಣ ಆ ಸಿಪ್ಪೆಯಿಂದಲೇ ಬರುತ್ತದೆ, ಒಗರು ಸಿಪ್ಪೆ ಮತ್ತು ಬೀಜಗಳಿಂದ. ಯುರೋಪಿನಲ್ಲಿ ಚಳಿಗೆ ಬಳ್ಳಿ ತಾನಾಗಿಯೇ ಎಲೆಯುದುರಿಸಿ ಮಲಗುತ್ತದೆ, ನಮ್ಮ ಸೀಮೆಯಲ್ಲಿ ಅದಕ್ಕೆ ಮಲಗುವ ಕಾಲವೇ ಇಲ್ಲ. ಹೀಗಾಗಿ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದೆಗೆದ ಮೇಲೆ ಇನ್ನೊಮ್ಮೆ, ಎರಡು ಬಾರಿ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುತ್ತಾರೆ. ಮೊದಲಿನದನ್ನು ಅಲ್ಲಿಯವರು ಖರಡ ಛಾಟಣಿ ಎನ್ನುತ್ತಾರೆ, ಎರಡನೆಯದನ್ನು ಗೋಡಿ ಛಾಟಣಿ. ಗೋಡ ಎಂದರೆ ಮರಾಠಿಯಲ್ಲಿ ಸಿಹಿ. ಹಣ್ಣಿಗಾಗಿ ಸವರುವುದಕ್ಕೆ ಎಷ್ಟು ಚಂದದ ಹೆಸರು ನೋಡು. ಎರಡನೆಯ ಚಾಟಣಿಯ ಫಲ ಜನವರಿಯಿಂದ ಮಾರ್ಚಿನವರೆಗೆ ಕೊಯ್ಲಿಗೆ ಬರುತ್ತದೆ. ನಾವು ಹೋದಾಗ ಹೆಂಗಸರು ಬೆಳಗಿನ ತಂಪಿನಲ್ಲಿ ಗೊಂಚಲು ಕತ್ತರಿಸಿ ಪ್ಲಾಸ್ಟಿಕ್ ಬುಟ್ಟಿಗಳಿಗೆ ತುಂಬುತ್ತಿದ್ದರು.

ಒಂದು ಸಾಲಿನ ಎಲೆಗಳ ಮೇಲೆ ತಿಳಿನೀಲಿ ಕಲೆಗಳನ್ನು ಕಂಡು ನಾನು ನಿಂತುಬಿಟ್ಟೆ. ಮೈಲುತುತ್ತ ಮತ್ತು ಸುಣ್ಣ! ಮಳೆಗಾಲದಲ್ಲಿ ಕೊನೆಗೌಡ ಮರ ಹತ್ತಿ ನಮ್ಮ ಅಡಿಕೆಗೊನೆಗಳಿಗೆ ಹೊಡೆಯುವ ಅದೇ ಬೋರ್ಡೋ ಮದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಬೋರ್ಡೋ ಎಂಬುದು ಫ್ರಾನ್ಸಿನ ವೈನ್ ಸೀಮೆಯ ಹೆಸರೆಂದು ನಾವು ಕೃಷಿ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು, ಆದರೆ ಅದರ ಅರ್ಥ ನನಗೆ ಹೊಳೆದದ್ದು ಆ ಸಾಲಿನ ನಡುವೆ ನಿಂತಾಗಲೇ. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ಬೋರ್ಡೋ ಸೀಮೆಯ ರೈತರು ಹಿಂದೆ ರಸ್ತೆಬದಿಯ ಬಳ್ಳಿಗಳಿಗೆ ಈ ಕಹಿ ನೀಲಿಯನ್ನು ಎರಚುತ್ತಿದ್ದರು. ಎರಚಿದ ಬಳ್ಳಿಗಳಿಗೆ ಬೂಜುರೋಗ ತಗಲದಿದ್ದುದನ್ನು ಗಮನಿಸಿದ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಔಷಧವೆಂದು ಲೋಕಕ್ಕೆ ತಿಳಿಸಿದ. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಹೊಡೆಸಿದರು. ನೂರಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ತೋಟಗಳನ್ನು ಕಾಯ್ದದ್ದು ದ್ರಾಕ್ಷಿತೋಟದ ಮದ್ದು. ಪರಸ್ಥಳಕ್ಕೆ ಬಂದಿದ್ದೇನೆ ಎಂಬ ಭಾವನೆ ನನ್ನಿಂದ ಅಲ್ಲಿಗೇ ಹೋಯಿತು.

ಮಧ್ಯಾಹ್ನ ವೈನ್ ತಯಾರಿಸುವ ಕಟ್ಟಡವನ್ನು ತೋರಿಸಿದರು. ಉಕ್ಕಿನ ದೊಡ್ಡ ತೊಟ್ಟಿಗಳು, ಓಕ್ ಮರದ ಪೀಪಾಯಿಗಳು, ತಣ್ಣನೆಯ ಮಬ್ಬು. ಬಿಳಿಯ ವೈನಿಗೆ ಹಣ್ಣನ್ನು ಹಿಂಡಿ ರಸವನ್ನಷ್ಟೇ ಹುದುಗಿಸುತ್ತಾರೆ, ಕೆಂಪಿಗೆ ಸಿಪ್ಪೆಯ ಸಮೇತ. ಅನಂತರ ಮೇಜಿನ ಮುಂದೆ ಕೂರಿಸಿ, ಬಿಳಿಯಿಂದ ಕೆಂಪಿನ ಕಡೆಗೆ ಒಂದೊಂದಾಗಿ, ಗಾಜಿನ ಬಟ್ಟಲಿನ ತಳ ಮುಚ್ಚುವಷ್ಟೇ ಸುರಿದು ಕೊಟ್ಟರು. ಅತ್ತಿಗೆಯವರಿಗೆ ಹೇಳು: ಅಲ್ಲಿ ಕುಡಿಯಲೇಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಬಟ್ಟಲನ್ನು ಆಡಿಸಿ, ಮೂಸಿ, ಬಾಯಲ್ಲಿ ಹೊರಳಿಸಿ, ಪಕ್ಕದ ಪಾತ್ರೆಗೆ ಉಗುಳುವುದು ಅಲ್ಲಿ ಮರ್ಯಾದೆಯ ಕ್ರಮವೇ. ನನ್ನ ಹೆಂಡತಿ ಹೆಚ್ಚಿನವನ್ನು ಮೂಸಿದಳು, ಎರಡನ್ನು ಮಾತ್ರ ಗುಟುಕರಿಸಿದಳು.

ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದ ಜಾಗವಾದ್ದರಿಂದ ಆ ಊರಿಗೆ ನಾಸಿಕವೆಂಬ ಹೆಸರು ಬಂತೆಂದು ಹೇಳುತ್ತಾರೆ. ನನಗೆ ಮಾತ್ರ ಅದು ನನ್ನ ಹೆಂಡತಿಯ ಮೂಗಿನ ಬೆಲೆ ತಿಳಿದ ಊರಾಯಿತು. ಸಾವಿನ್ಯೋ ಬ್ಲಾಂಕ್ ಎಂಬ ಬಿಳಿಯ ವೈನನ್ನು ಮೂಸಿದವಳೇ, "ಈಗಷ್ಟೇ ಹೆಚ್ಚಿದ ದೊಣ್ಣಮೆಣಸಿನಕಾಯಿ" ಎಂದಳು. ಸುರಿಯುತ್ತಿದ್ದ ಹುಡುಗ ತಲೆಯೆತ್ತಿ ನೋಡಿದ, ಆ ದ್ರಾಕ್ಷಿಯ ಗುರುತೇ ಅದಂತೆ. ಶೆನಿನ್ ಬ್ಲಾಂಕ್ ಎಂಬ ಇನ್ನೊಂದು ಬಿಳಿಯ ವೈನಿಗೆ "ಪೇರಲೆ, ಆದರೆ ಪೂರ್ತಿ ಹಣ್ಣಾದದ್ದಲ್ಲ" ಎಂದಳು. ಕೆಂಪಿನ ಒಗರು ನಾಲಗೆಗೆ ಹತ್ತಿದಾಗ ಅಡಿಕೆ ಬೇಯಿಸಿದ ಚೊಗರುನೀರಿನ ನೆನಪು ಮಾಡಿದಳು. ಕೊನೆಗೆ ಶಿರಾಜ್ ಎಂಬ ಕೆಂಪು ವೈನ್ ಬಂತು. ಬಹಳ ಹೊತ್ತು ಕಣ್ಣು ಮುಚ್ಚಿ ಮೂಸಿ, ಬಟ್ಟಲನ್ನು ನನ್ನ ಕಡೆ ಸರಿಸಿ, "ಇದು ನಮ್ಮ ಮೆಣಸಿನ ಅಂಗಳ" ಎಂದಳು. ನಾನು ಎಷ್ಟು ಮೂಸಿದರೂ ನನಗೆ ಹಣ್ಣಿನ ಪರಿಮಳವಲ್ಲದೆ ಮತ್ತೇನೂ ಸಿಗಲಿಲ್ಲ.

ಅವಳು ಹೇಳಿದ್ದು ಬರಿಯ ಹೋಲಿಕೆಯಲ್ಲ. ಕಾಳುಮೆಣಸಿಗೆ ಅದರ ಘಾಟನ್ನು ಕೊಡುವ ರೊಟುಂಡೋನ್ ಎಂಬ ಅಂಶವೇ ಶಿರಾಜ್ ದ್ರಾಕ್ಷಿಯಲ್ಲಿಯೂ ಇದೆಯೆಂದು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ್ದಾರೆ. ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆ ತಿಳಿಯುವುದೇ ಇಲ್ಲವಂತೆ. ನಾನು ಆ ಒಬ್ಬನಿರಬೇಕು. ಅಡಿಕೆಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ ಬದುಕಿದವನಿಗೆ ಸಿಗದ ಪರಿಮಳ, ಅದನ್ನು ಅಂಗಳದಲ್ಲಿ ಕೈಯಾಡಿಸಿ ಒಣಗಿಸಿದವಳಿಗೆ ಸಿಕ್ಕಿತು. ಹಾಲು ಕೆಟ್ಟಿದೆಯೇ, ತುಪ್ಪ ಕಾದಿದೆಯೇ ಎಂದು ಕೇಳುವುದನ್ನು ಬಿಟ್ಟರೆ ಆ ಮೂಗನ್ನು ಇಷ್ಟು ವರ್ಷ ನಾನು ಬೇರೇನೂ ಕೇಳಿರಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿತು.

ಸಂಜೆ ಹಿನ್ನೀರಿನ ದಡದಲ್ಲಿ ಕುಳಿತೆವು. ಸೂರ್ಯ ನೀರಿನಾಚೆಯ ಬೋಳುಗುಡ್ಡಗಳ ಹಿಂದೆ ಇಳಿಯುತ್ತಿದ್ದ. ಬೆಳಿಗ್ಗೆ ಕಂಡ ನೀಲಿ ಎಲೆಗಳ ಮಾತು ಬಂದು, ಅವಳು ತನ್ನಷ್ಟಕ್ಕೆ ಹೇಳಲು ತೊಡಗಿದಳು. ಮದುವೆಯಾಗಿ ಬಂದ ಮೊದಲ ಮಳೆಗಾಲ. ಅಂಕೋಲೆಯ ಕಡಲ ದಡದಲ್ಲಿ ಬೆಳೆದವಳಿಗೆ ಘಟ್ಟದ ಮೇಲಿನ ಆ ಬಿಡದ ಜಡಿಮಳೆ, ಹೊಗೆ, ಕತ್ತಲು ಯಾವುದೂ ಒಗ್ಗದೆ ದಿನವೂ ಮರೆಯಲ್ಲಿ ಅಳುತ್ತಿದ್ದಳಂತೆ. ಒಂದು ದಿನ ನಾನು ತೋಟದಲ್ಲಿ ಮದ್ದು ಹೊಡೆಸಿ ಬಂದು ನೀಲಿ ಕಲೆಯಾದ ಅಂಗಿಯನ್ನು ಒಗೆಯಲು ಹಾಕಿದೆನಂತೆ. ಆ ಒದ್ದೆ ಸುಣ್ಣದ ವಾಸನೆ, ಅವಳ ತವರಿನ ಹತ್ತಿರ ಕಡಲಚಿಪ್ಪು ಸುಟ್ಟು ಸುಣ್ಣ ಮಾಡುವ ಭಟ್ಟಿಯ ವಾಸನೆಯಂತೆಯೇ ಇತ್ತಂತೆ. "ಆ ಅಂಗಿಯನ್ನು ಅವತ್ತು ಒಗೆಯಲೇ ಇಲ್ಲ. ಎರಡು ದಿನ ನನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆ. ನಿಮ್ಮ ಮೇಲೆ ಪ್ರೀತಿ ಹುಟ್ಟಿದ್ದು ಆಗ" ಎಂದಳು. ಆ ಅಂಗಿಯ ನೆನಪು ನನಗಿಲ್ಲ, ಹುಡುಕಿ ಕೇಳಿದ್ದೂ ಇರಲಿಕ್ಕಿಲ್ಲ. ಇಪ್ಪತ್ತಾರು ಮಳೆಗಾಲ ಒಂದೇ ಸೂರಿನ ಕೆಳಗೆ ಕಳೆದರೂ ಈ ಮಾತಿಗೆ ನಮ್ಮ ಮನೆಯಲ್ಲಿ ಎಡೆ ಸಿಕ್ಕಿರಲಿಲ್ಲ. ಕತ್ತಲಾಗಿ ಚಳಿ ಹತ್ತುವವರೆಗೆ ನಾವು ಎದ್ದು ಬರಲಿಲ್ಲ.

ಈಗ ನಿನ್ನ ಸಂಗತಿ. ನೀನು ಬೆಂಗಳೂರಿನಲ್ಲಿರುವುದರಿಂದ ನಂದಿಬೆಟ್ಟದ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ಗ್ರೋವರ್ ಅವರ ತೋಟವನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಫ್ರೆಂಚ್ ತಳಿಗಳನ್ನು ನಮ್ಮ ರಾಜ್ಯದಲ್ಲಿ ಮೊದಲಿಗೆ ಬೆಳೆದವರಲ್ಲಿ ಅವರೂ ಒಬ್ಬರು. ಆದರೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಮರಳುವ ಪ್ರವಾಸವನ್ನು ನಾನು ಒಪ್ಪುವುದಿಲ್ಲ. ಒಂದರ ಮೇಲೊಂದು ಸಂಜೆ ಕಳೆಯದೆ ಬಾಯಿಗೆ ಬಾರದ ಮಾತುಗಳಿರುತ್ತವೆ. ಮಾರ್ಚ್ ದಾಟಿಸಬೇಡ, ಕೊಯ್ಲು ಮುಗಿದ ಮೇಲೆ ನೋಡಲು ಬರಿಯ ಬಳ್ಳಿ ಉಳಿಯುತ್ತದೆ. ಶನಿವಾರ, ಭಾನುವಾರ ಮುಂಬಯಿ, ಪುಣೆಯ ಜನ ಕಿಕ್ಕಿರಿಯುತ್ತಾರೆ; ಮಂಗಳವಾರವೋ ಬುಧವಾರವೋ ತಲುಪುವಂತೆ ಹೊರಡು. ರುಚಿ ನೋಡುವ ದಿನ ಕಾರನ್ನು ನೀನು ಓಡಿಸದೆ ಬಾಡಿಗೆಯವರನ್ನು ಗೊತ್ತುಮಾಡಿಕೋ, ಮತ್ತು ಇಬ್ಬರೂ ಹೊಟ್ಟೆ ತುಂಬ ಉಂಡು ಕುಳಿತುಕೊಳ್ಳಿ.

ಅತ್ತಿಗೆಯವರಿಗೆ ತಿಳಿಸಲು ನನ್ನ ಹೆಂಡತಿ ಒಂದೆರಡು ಮಾತು ಹೇಳಿದ್ದಾಳೆ. ಹಗಲಿಗೆ ಹತ್ತಿಯ ಸೀರೆ ಸಾಕು, ಸಂಜೆಗೆ ಶಾಲು ಬೇಕೇ ಬೇಕು. ರುಚಿ ನೋಡಲು ಹೋಗುವಾಗ ಮಲ್ಲಿಗೆ ಮುಡಿಯಬಾರದು, ಅದರ ಪರಿಮಳದಲ್ಲಿ ಬಟ್ಟಲಿನದು ತಿಳಿಯುವುದಿಲ್ಲ. ನಾಸಿಕದ ಪೇಟೆಯಲ್ಲಿ ಸಂಜೆ ಗಜರೆ ಮಾರಲು ಕೂತಿರುತ್ತಾರೆ. ಆಗ ನೀನೇ ಕೊಂಡು ತಂದುಕೊಡಬೇಕಂತೆ.

ಇಂತಿ ನಿನ್ನ
ಶಿರಸಿಯ ಗೆಳೆಯ