ಪೆಟ್ರೋಲಿಗೆ ಬೆಣ್ಣೆ, ಡೀಸೆಲ್ಲಿಗೆ ಸುಣ್ಣ

ಸಂಪಾದಕರಿಗೆ ನಮಸ್ಕಾರ,

ಪೆಟ್ರೋಲಿಗೆ ಎಥನಾಲ್ (ಕಬ್ಬು, ಮೆಕ್ಕೆಜೋಳದಿಂದ ತೆಗೆಯೋ ಮದ್ಯಸಾರ) ಬೆರೆಸೋ ವಿಚಾರ ಬಂದ್ರೆ ಎಲ್ಲಾ ಕಡೆ ಒಂದೇ ಮಾತು, ಬೈಕ್ ಮೈಲೇಜ್ ಬಿತ್ತು ಅಂತ. ಸ್ವಲ್ಪ ಬೀಳೋದು ನಿಜಾನೇ, ಒಂದು ಲೀಟರ್ ಎಥನಾಲಲ್ಲಿ ಇರೋ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಅಷ್ಟೇ, ನೀತಿ ಆಯೋಗದವರೇ 2021ರ ವರದೀಲಿ ಶೇ 20 ಬೆರೆಸಿದ್ರೆ ಹಳೇ ಕಾರುಗಳಿಗೆ ಶೇ 6-7, ಬೈಕುಗಳಿಗೆ ಶೇ 3-4 ಇಳಿಯುತ್ತೆ ಅಂತ ಬರೆದಿದ್ರು. ಅದಿರಲಿ ಬಿಡಿ. ನಾನು ಬರೀತಿರೋದು ಡೀಸೆಲ್ ಬಗ್ಗೆ, ಅದರ ಸುದ್ದೀನೇ ಯಾರೂ ಎತ್ತಲ್ಲ.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತೀಲಿ ಎರಡು ಗುರಿ ಇದ್ವು, 2030ರೊಳಗೆ ಪೆಟ್ರೋಲಿಗೆ ಶೇ 20 ಎಥನಾಲ್, ಡೀಸೆಲ್ಲಿಗೆ ಶೇ 5 ಬಯೋಡೀಸೆಲ್ (ಗಿಡಮರಗಳ ಎಣ್ಣೆಯಂಥದ್ದರಿಂದ ಮಾಡೋ ಇಂಧನ). ಮೊದಲನೇದು 2014ರಲ್ಲಿ ಶೇ 1.5ರ ಆಸುಪಾಸು ಇದ್ದಿದ್ದು 2022ಕ್ಕೆ ಹತ್ತು, 2025ಕ್ಕೆ ಇಪ್ಪತ್ತು ಮುಟ್ಟಿಬಿಡ್ತು, ಗಡುವಿಗೆ ಐದು ವರ್ಷ ಮುಂಚೇನೇ. ಎರಡನೇದು ಶೇ 1 ದಾಟೋಕೂ ಒದ್ದಾಡ್ತಿದೆ. ಆದ್ರೆ ದೇಶದಲ್ಲಿ ಪೆಟ್ರೋಲಿಗಿಂತ ಎರಡು ಪಟ್ಟು ಜಾಸ್ತಿ ಉರಿಯೋದು ಡೀಸೆಲ್ಲು! ಟ್ರ್ಯಾಕ್ಟರ್, ಲಾರಿ, ಬಸ್ಸು ಎಲ್ಲಾ ಅದರ ಮೇಲೇ ತಾನೇ ಓಡೋದು.

ಯಾಕೆ ಹೀಗೆ ಅಂದ್ರೆ ಎಥನಾಲಿಗೆ ಕೇಂದ್ರ ಸರ್ಕಾರಾನೇ ರೇಟ್ ಕಟ್ಟಿಕೊಡುತ್ತೆ, ಮೆಕ್ಕೆಜೋಳದ ಎಥನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ, ತೈಲ ಕಂಪನಿಗಳು ಕೊಳ್ಳೋದು ಗ್ಯಾರಂಟಿ, ಹಾಗಾಗಿ ಧೈರ್ಯವಾಗಿ ಬಂಡವಾಳ ಹಾಕಿ ಫ್ಯಾಕ್ಟರಿ ಕಟ್ಟಿದ್ರು. ಬಯೋಡೀಸೆಲ್ ಮಾಡೋಕೆ ಆಗೋ ನಮ್ಮ ಹೊಂಗೆ ಬೀಜಕ್ಕೆ ಇಂಥಾ ರೇಟ್ ಯಾರು ಕಟ್ತಾರೆ?

ಚಿತ್ರದುರ್ಗ ಜಿಲ್ಲೇಲಿ ಹೊಂಗೆ ಯಾರೂ ನೀರು ಹಾಕದೇ ಇದ್ರೂ ಬದುಗಳ ಮೇಲೆ, ಹಳ್ಳದ ದಂಡೇಲಿ, ರಸ್ತೆ ಪಕ್ಕ ಬೆಳೆಯೋ ಮರ. ದನ ಕುರಿ ಅಷ್ಟಾಗಿ ಬಾಯಿ ಹಾಕಲ್ಲ, ಸೊಪ್ಪು ಗೊಬ್ಬರಕ್ಕೆ ಆಗುತ್ತೆ, ಬೇರು ಭೂಮಿಗೆ ಸಾರಜನಕ ಕೊಡುತ್ತೆ. ಬೀಜದಲ್ಲಿ ಶೇ 30ರ ಹತ್ತಿರ ಎಣ್ಣೆ ಐತೆ, ಮಿಲ್ಲಿಗೆ ಹಾಕಿದ್ರೆ ಬೀಜದ ತೂಕದ ಕಾಲು ಭಾಗದಷ್ಟು ಎಣ್ಣೆ ಕೈಗೆ ಸಿಗುತ್ತೆ, ಹಿಂಡಿ ತೋಟಕ್ಕೆ ಹೋಗುತ್ತೆ. ಆ ಎಣ್ಣೇನ ಮೆಥನಾಲ್, ಕಾಸ್ಟಿಕ್ ಸೋಡಾ ಜೊತೆ ಕಾಯಿಸಿದ್ರೆ ಗ್ಲಿಸರಿನ್ ಬೇರೆಯಾಗಿ ಬಯೋಡೀಸೆಲ್ ಉಳಿಯುತ್ತೆ, ಇದೇನು ರಾಕೆಟ್ ವಿದ್ಯೆ ಅಲ್ಲ. ಇಂಥಾ ಮರದ ಬೀಜ ಬೇಸಿಗೇಲಿ ಉದುರಿ ಅಲ್ಲೇ ಹುಳ ತಿಂದು ಹೋಗುತ್ತೆ, ಯಾಕಂದ್ರೆ ಆರಿಸಿ ಸಿಪ್ಪೆ ಬಿಡಿಸೋ ಕೂಲಿ ಹುಟ್ಟಲ್ಲ, ದಲ್ಲಾಳಿ ಹೇಳಿದ್ದೇ ರೇಟು.

ಕರ್ನಾಟಕ 2009ರಲ್ಲೇ ತನ್ನದೇ ಜೈವಿಕ ಇಂಧನ ನೀತಿ ಮಾಡಿದ ರಾಜ್ಯ, ಮಂಡಳಿ ಮಾಡಿದ್ರು, ಹಸಿರು ಹೊನ್ನು, ಬರಡು ಬಂಗಾರ ಅಂತ ಚಂದ ಚಂದ ಹೆಸರಿಟ್ಟು ಸಸಿ ಹಂಚಿದ್ರು. ಸಸಿ ಕೊಟ್ಟವರು ಬೀಜ ಕೊಳ್ಳೋ ವ್ಯವಸ್ಥೆ ಗಟ್ಟಿ ಮಾಡಲಿಲ್ಲ. ಜಟ್ರೋಫಾ ಅನ್ನೋ ಎಣ್ಣೆಬೀಜದ ಗಿಡದ ಕತೆ ಇನ್ನೂ ಕೆಟ್ಟದ್ದು, ಬರಡು ನೆಲದಲ್ಲೂ ಭರ್ಜರಿ ಇಳುವರಿ ಅಂತ ನಂಬಿಸಿ ದೇಶದ ತುಂಬ ನೆಡಿಸಿದ್ರು, ನೀರು ಗೊಬ್ಬರ ಇಲ್ಲದೆ ಅದು ಹೇಳಿದಷ್ಟು ಕಾಯಿ ಬಿಡಲೇ ಇಲ್ಲ, ಆಮೇಲೆ ಬಯೋಡೀಸೆಲ್ ಅಂದ್ರೆ ಜನ ನಗೋ ಹಾಗಾಯ್ತು.

1900ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಓಡಿಸಿ ತೋರಿಸಿದ್ದು ಶೇಂಗಾ ಎಣ್ಣೆ ಹಾಕಿ. ಚಳ್ಳಕೆರೆ ಅಂದ್ರೆ ಶೇಂಗಾ, ಎಣ್ಣೆ ಮಿಲ್ಲುಗಳ ಊರು. ಹಾಗಂತ ಶೇಂಗಾ ಸುಡಿ ಅಂತ ನಾನು ಹೇಳಲ್ಲ, ತಿನ್ನೋ ಎಣ್ಣೇನೇ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ತರಿಸ್ಕೊಳ್ತಿರೋ ದೇಶ ನಮ್ಮದು. ಇಂಡೋನೇಷ್ಯಾ 2025ರಲ್ಲಿ ಡೀಸೆಲ್ಲಿಗೆ ಶೇ 40 ಬಯೋಡೀಸೆಲ್ ಬೆರೆಸೋಕೆ ಶುರು ಮಾಡ್ತು ಅಂದ್ರೆ ಅವರ ಹತ್ರ ತಾಳೆ ಎಣ್ಣೆ ರಾಶಿ ಐತೆ. ನಮಗೆ ತಿನ್ನದ ಎಣ್ಣೇನೇ ದಾರಿ. ಹೊಂಗೆ ಒಂದರಿಂದಲೇ ದೇಶದ ಡೀಸೆಲ್ ತುಂಬುತ್ತೆ ಅನ್ನೋ ಭ್ರಮೆ ನನಗಿಲ್ಲ, ಗಿಡ ಕಾಯಿ ಬಿಡೋಕೇ ನಾಲ್ಕೈದು ವರ್ಷ ಬೇಕು. ಆದ್ರೆ ಈಗಾಗಲೇ ನಿಂತಿರೋ ಮರಗಳ ಬೀಜಕ್ಕೆ ಕಾಯಬೇಕಾಗಿಲ್ಲವಲ್ಲ.

ಬೇಸಿಗೆಗೆ ಮುಂಚೆ ಸರ್ಕಾರ ಹೊಂಗೆ ಬೀಜಕ್ಕೆ ಒಂದು ಖರೀದಿ ದರ ಘೋಷಿಸಿ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಎಪಿಎಂಸಿಗಳಲ್ಲಿ ತೂಕ ಹಾಕಿ ಕೊಳ್ಳಲಿ, ಆರಿಸೋ ಹೆಂಗಸರ ಸಂಘಗಳಿಗೆ ನೇರ ದುಡ್ಡು ಹಾಕಲಿ. ಇಷ್ಟನ್ನ ನಮ್ಮ ಜಿಲ್ಲೆಯ ಶಾಸಕರು ಅಧಿವೇಶನದಲ್ಲಿ ಕೇಳ್ತಾರಾ?

— ಒಬ್ಬ ಓದುಗ, ಚಳ್ಳಕೆರೆ ತಾಲ್ಲೂಕು