ಭಾನುವಾರದ ಚರ್ಚೆಗೆ ಮುನ್ನ: ಪಬ್ಲಿಕ್ ಆಪ್ಷನ್, ಸಿಂಗಲ್ ಪೇಯರ್

ಅಮೆರಿಕದ ಬಳಗದ ಎಲ್ಲರಿಗೂ ನಮಸ್ಕಾರ. ಪಬ್ಲಿಕ್ ಆಪ್ಷನ್, ಸಿಂಗಲ್ ಪೇಯರ್ ಆರೋಗ್ಯ ವಿಮೆಯ ಎರಡು ಬೇರೆ ವ್ಯವಸ್ಥೆಗಳು, ದಯವಿಟ್ಟು ಇವೆರಡನ್ನೂ ಒಂದೇ ಎಂದು ಬೆರೆಸಬೇಡಿ. ಸಿಂಗಲ್ ಪೇಯರ್ ಅಂದರೆ ಎಲ್ಲರ ಬಿಲ್ಲನ್ನೂ ಸರ್ಕಾರದ ಒಂದೇ ನಿಧಿ ಕಟ್ಟುತ್ತದೆ. ಪ್ರೀಮಿಯಂ ಬದಲು ತೆರಿಗೆ. ಪಬ್ಲಿಕ್ ಆಪ್ಷನ್‌ನಲ್ಲಿ ಖಾಸಗಿ ವಿಮೆಗಳ ಜೊತೆಗೆ ಸರ್ಕಾರದ್ದೂ ಒಂದು ಪ್ಲಾನ್ ಇರುತ್ತದೆ, ಬೇಕಾದವರು ಪ್ರೀಮಿಯಂ ಕಟ್ಟಿ ಸೇರುತ್ತಾರೆ. ಸಿಂಗಲ್ ಪೇಯರ್‌ಗೆ ಬ್ರಿಟನ್ ಉದಾಹರಣೆ ತರಬೇಡಿ, ಅಲ್ಲಿ ಬಹುಪಾಲು ಆಸ್ಪತ್ರೆಗಳೇ ಸರ್ಕಾರದವು. ಕೆನಡಾ ಸರಿಯಾದ ಹೋಲಿಕೆ.

ಸಿಂಗಲ್ ಪೇಯರ್ ಪರ ಮಾತಾಡುವವರು ವರ್ಮಾಂಟ್ ರಾಜ್ಯದ ಬಗ್ಗೆ ಉತ್ತರ ಇಟ್ಟುಕೊಂಡೇ ಬನ್ನಿ. ಸಿಂಗಲ್ ಪೇಯರ್ ತರಲು ಅಲ್ಲಿ 2011ರಲ್ಲಿ ಕಾನೂನು ಆಯಿತು. ಉದ್ಯೋಗದಾತರ ಮೇಲೆ ಸಂಬಳದ ಶೇ. 11.5 ತೆರಿಗೆ, ಮೇಲೆ ಕುಟುಂಬಗಳಿಗೆ ಶೇ. 9.5ರವರೆಗೆ ಆದಾಯ ತೆರಿಗೆ ಬೇಕೆಂದು ಲೆಕ್ಕ ಬಂದಾಗ 2014ರ ಡಿಸೆಂಬರಿನಲ್ಲಿ ಗವರ್ನರ್ ಶಮ್ಲಿನ್ ಯೋಜನೆ ಕೈಬಿಟ್ಟರು.

ಪಬ್ಲಿಕ್ ಆಪ್ಷನ್‌ನ ತೊಡಕು ಬೇರೆ: ಆಸ್ಪತ್ರೆಗೆ ಕೊಡುವ ದರ. ಕಡಿಮೆ ಕೊಟ್ಟರೆ ಆಸ್ಪತ್ರೆ ಸೇರಲ್ಲ, ಜಾಸ್ತಿ ಕೊಟ್ಟರೆ ಪ್ರೀಮಿಯಂ ಇಳಿಯಲ್ಲ. ವಾಷಿಂಗ್ಟನ್ ರಾಜ್ಯ 2021ರಲ್ಲಿ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ವಿಮೆ) ದರದ ಸರಾಸರಿ ಶೇ. 160ರ ಮಿತಿ ಹಾಕಿ ಶುರುಮಾಡಿತು. ಅಷ್ಟಕ್ಕೂ ಹಲವು ಆಸ್ಪತ್ರೆಗಳು ಒಪ್ಪಲಿಲ್ಲ, ಕಾನೂನು ತಿದ್ದಬೇಕಾಯಿತು.

ಇನ್ನೊಂದು ಮುಖ್ಯ ವಿಷಯ. "ತೆರಿಗೆ ಏರುತ್ತೆ" ಅನ್ನುವ ಮೊದಲು ವಿಮೆಗೆ ಈಗಲೇ ಎಷ್ಟು ಹೋಗುತ್ತಿದೆ ಎಂದು ನಿಮ್ಮ ಡಬ್ಲ್ಯೂ-2 ಫಾರಂನಲ್ಲಿ (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ವಿವರ) 12ನೇ ಬಾಕ್ಸ್, ಡಿಡಿ ಕೋಡ್ ನೋಡಿ. ಕಂಪನಿ ಕಟ್ಟಿದ್ದು, ನಿಮ್ಮ ಸಂಬಳದಿಂದ ಹೋಗಿದ್ದು ಎರಡೂ ಸೇರಿದ ವಿಮೆ ಮೊತ್ತ ಅಲ್ಲಿರುತ್ತದೆ. ಸಣ್ಣ ಕಂಪನಿಯಾದರೆ ಇರದಿರಬಹುದು, ಎಚ್‌ಆರ್ ಅವರನ್ನು ಕೇಳಿ. ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನೀವೇ ಕಟ್ಟುವ ಮೊತ್ತ), ಕೋಪೇ (ಪ್ರತಿ ಭೇಟಿಗೆ ನೀವು ಕೊಡುವ ಪಾಲು) ಅದರಲ್ಲಿ ಸೇರಿಲ್ಲ, ಬೇರೆ ಕೂಡಿಸಿ. ನಿಮ್ಮ ಫಾರಂ ಫೋಟೊ ಗುಂಪಿಗೆ ಹಾಕಬೇಡಿ, ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುತ್ತದೆ.